ಮನೆಯ ಗಣಕಯಂತ್ರದಲ್ಲಿ ವ್ಯಾಪಾರದ ಲೆಕ್ಕ: ಖರೀದಿ, ನವೀಕರಣ, ಮರುಸ್ಥಾಪನೆ

ಸಣ್ಣ ವ್ಯಾಪಾರ ಹಾಗೂ ಸಣ್ಣ ಕೈಗಾರಿಕೆಗಳ ಲೆಕ್ಕಪತ್ರಗಳನ್ನು ಹೊತ್ತ ಗಣಕಯಂತ್ರವು ಎಷ್ಟೋ ಕಡೆ ಅಂಗಡಿಯಲ್ಲಿರದೆ ಮನೆಯಲ್ಲಿರುತ್ತದೆ. ಹಗಲಿನ ಬಿಲ್ಲುಗಳನ್ನು ರಾತ್ರಿ ಮನೆಯಲ್ಲಿ ನಮೂದಿಸಲಾಗುತ್ತದೆ. ಅದೇ ಯಂತ್ರದಲ್ಲಿ ಮಕ್ಕಳು ಓದಿನ ಕೆಲಸ ಮಾಡುತ್ತಾರೆ. ಮನೆಮಂದಿ ಚಲನಚಿತ್ರ ನೋಡುತ್ತಾರೆ. ಜಿಎಸ್‌ಟಿ ವಿವರಪಟ್ಟಿ, ಬ್ಯಾಂಕಿನ ವ್ಯವಹಾರ, ಗಿರಾಕಿಗಳಿಂದ ಬರಬೇಕಾದ ಬಾಕಿಯ ಪಟ್ಟಿ ಎಲ್ಲವೂ ಆ ಒಂದೇ ಪೆಟ್ಟಿಗೆಯೊಳಗೆ ಸೇರಿರುತ್ತವೆ. ಖರ್ಚಿನ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇಂತಹ ಯಂತ್ರವನ್ನು ಕೊಳ್ಳುವಾಗ ಮನೆಯ ಸಾಮಾನಿನಂತೆ ಕೊಂಡು, ಕೆಟ್ಟಾಗ ಮಾತ್ರ ವ್ಯಾಪಾರದ ಸಾಮಾನಿನಂತೆ ಚಿಂತಿಸುವುದು ನಷ್ಟಕ್ಕೆ ದಾರಿ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಆಫೀಸ್ 2016 ಮತ್ತು ಆಫೀಸ್ 2019ರ ಬೆಂಬಲವೂ ಅದೇ ದಿನ ಮುಗಿಯಿತು. ಹಿಂದೆ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಇದೇ ಗತಿ ಬಂದಿತ್ತು. ಬೆಂಬಲ ನಿಂತ ದಿನ ಯಂತ್ರ ನಿಲ್ಲುವುದಿಲ್ಲ. ಆದುದರಿಂದಲೇ ಅನೇಕರು ಅದನ್ನು ಗಮನಿಸುವುದಿಲ್ಲ. ಅಂದಿನಿಂದ ಹೊಸದಾಗಿ ಪತ್ತೆಯಾಗುವ ಲೋಪಗಳಿಗೆ ತೇಪೆ ಬರುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಹೊಸ ಯಂತ್ರ ಕೊಳ್ಳಬೇಕೆ, ಇರುವುದನ್ನೇ ಮುಂದುವರಿಸಬೇಕೆ ಎಂಬ ಪ್ರಶ್ನೆ ಇದರಿಂದ ಅನೇಕ ವರ್ತಕರ ಮುಂದೆ ಬಂದಿದೆ. ಖರೀದಿ, ನವೀಕರಣ ಮತ್ತು ಮರುಸ್ಥಾಪನೆ ಎಂಬ ಮೂರು ವಿಷಯಗಳನ್ನು ಬೇರೆ ಬೇರೆಯಾಗಿ ನೋಡದೆ ಒಂದೇ ನಿರ್ಧಾರದ ಮೂರು ಭಾಗಗಳಾಗಿ ನೋಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಉತ್ತರಿಸಬೇಕಾದ ಎರಡು ಪ್ರಶ್ನೆಗಳು

ಗಣಕಯಂತ್ರದ ಅಂಗಡಿಗೆ ಹೋಗುವ ಮೊದಲು ಪ್ರತಿಯೊಬ್ಬ ವರ್ತಕನೂ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು. ಒಂದು: ಯಂತ್ರ ಇಂದು ಸಂಜೆ ಕೆಟ್ಟರೆ ಎಷ್ಟು ದಿನಗಳ ನಮೂದುಗಳನ್ನು ಮತ್ತೆ ಕೈಯಿಂದ ಬರೆಯಲು ಸಾಧ್ಯ? ಎರಡು: ಯಂತ್ರವಿಲ್ಲದೆ ಎಷ್ಟು ದಿನ ವ್ಯಾಪಾರ ನಡೆಸಬಹುದು? ಮೊದಲನೆಯ ಉತ್ತರವು ಬ್ಯಾಕಪ್ ಎಷ್ಟು ದಿನಕ್ಕೊಮ್ಮೆ ತೆಗೆಯಬೇಕು ಎಂಬುದನ್ನು ನಿರ್ಧರಿಸುತ್ತದೆ. ಎರಡನೆಯದು ಯಾವ ಬಗೆಯ ಖಾತರಿ ಬೇಕು, ಬದಲಿ ಯಂತ್ರ ಇರಬೇಕೆ ಎಂಬುದನ್ನು ನಿರ್ಧರಿಸುತ್ತದೆ.

ಉದಾಹರಣೆಗೆ, ದಿನಕ್ಕೆ 40 ಬಿಲ್ಲು ಮಾಡುವ ಒಂದು ಅಂಗಡಿಯನ್ನು ಊಹಿಸಬಹುದು. ಭಾನುವಾರ ರಜೆ, ಬ್ಯಾಕಪ್ ತೆಗೆಯುವುದು ಶನಿವಾರ ರಾತ್ರಿ ಮಾತ್ರ. ಶುಕ್ರವಾರ ಸಂಜೆ ಡಿಸ್ಕ್ ಕೆಟ್ಟರೆ ಸೋಮವಾರದಿಂದ ಶುಕ್ರವಾರದವರೆಗಿನ 200 ಬಿಲ್ಲುಗಳು ಹೋದಂತೆ. ಒಂದು ಬಿಲ್ಲಿಗೆ 3 ನಿಮಿಷದಂತೆ ಮರುನಮೂದಿಗೆ 600 ನಿಮಿಷ, ಅಂದರೆ 10 ತಾಸು ಬೇಕು. ಬಿಲ್ಲಿನ ಕಾಗದದ ಪ್ರತಿ ಉಳಿದಿದ್ದರೆ ಮಾತ್ರ ಈ ಲೆಕ್ಕ. ಪ್ರತಿ ಇಲ್ಲದಿದ್ದರೆ ಯಾವ ಗಿರಾಕಿ ಎಷ್ಟು ಉದ್ದರಿ ಒಯ್ದ ಎಂಬುದೇ ತಿಳಿಯದು. ಇದೇ ಅಂಗಡಿ ದಿನವೂ ಬ್ಯಾಕಪ್ ತೆಗೆದಿದ್ದರೆ ನಷ್ಟ ಹೆಚ್ಚೆಂದರೆ ಒಂದು ದಿನದ 40 ಬಿಲ್ಲು, 2 ತಾಸಿನ ಕೆಲಸ. ಯಂತ್ರದ ಬೆಲೆಯನ್ನು ಚೌಕಾಸಿ ಮಾಡಿ ಉಳಿಸುವ ಹಣಕ್ಕಿಂತ ಈ ಒಂದು ಅಭ್ಯಾಸದ ಬೆಲೆ ಹೆಚ್ಚು.

ಕಾನೂನಿನ ಅಪೇಕ್ಷೆ

ಲೆಕ್ಕ ಉಳಿಸಿಕೊಳ್ಳುವುದು ವರ್ತಕನ ಅನುಕೂಲದ ಪ್ರಶ್ನೆ ಮಾತ್ರವಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೇ ಪ್ರಕರಣದಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳು ಕಾಯ್ದಿರಿಸಬೇಕು. 2024-25ರ ಲೆಕ್ಕವನ್ನು ತೆಗೆದುಕೊಂಡರೆ, ವಾರ್ಷಿಕ ವಿವರಪಟ್ಟಿಯ ಸಾಮಾನ್ಯ ಗಡುವು 2025ರ ಡಿಸೆಂಬರ್ 31. ಅಲ್ಲಿಂದ 72 ತಿಂಗಳೆಂದರೆ 2031ರ ಡಿಸೆಂಬರ್ 31. ಮೇಲ್ಮನವಿ ಅಥವಾ ವಿಚಾರಣೆ ಬಾಕಿಯಿದ್ದರೆ ಅವಧಿ ಇನ್ನೂ ಬೆಳೆಯಬಹುದು. 2024ರ ಏಪ್ರಿಲ್‌ನಲ್ಲಿ ಬರೆದ ಮೊದಲ ಬಿಲ್ಲು ಏಳೂವರೆ ವರ್ಷಕ್ಕೂ ಹೆಚ್ಚು ಕಾಲ ಓದಲು ಸಿಗುವಂತಿರಬೇಕೆಂದಾಯಿತು. ಅಷ್ಟು ವರ್ಷ ಒಂದೇ ಯಂತ್ರ, ಒಂದೇ ಡಿಸ್ಕ್ ಬಾಳುತ್ತದೆಂಬ ಭರವಸೆ ಯಾರಿಗೂ ಇರಲಾರದು.

ಇದೇ ತೆರಿಗೆಯ ನಿಯಮಗಳಲ್ಲಿ 57ನೇ ನಿಯಮವು ವಿದ್ಯುನ್ಮಾನ ದಾಖಲೆಗಳಿಗೆ ಸರಿಯಾದ ಬ್ಯಾಕಪ್ ಇರಬೇಕೆಂದೂ, ಅಪಘಾತ ಅಥವಾ ನೈಸರ್ಗಿಕ ಕಾರಣಗಳಿಂದ ದಾಖಲೆ ನಾಶವಾದಲ್ಲಿ ಸಮಂಜಸ ಅವಧಿಯೊಳಗೆ ಮಾಹಿತಿಯನ್ನು ಮರಳಿ ಪಡೆಯುವಂತಿರಬೇಕೆಂದೂ ಹೇಳುತ್ತದೆ. ಹೀಗಿರುವಾಗ, ದಾಖಲೆ ಕೇಳಿದ ಅಧಿಕಾರಿಯ ಮುಂದೆ ಡಿಸ್ಕ್ ಕೆಟ್ಟಿತೆಂದು ಹೇಳುವುದು ತೃಪ್ತಿಕರ ಉತ್ತರವಾಗದು. ಖಾಸಗಿ ನಿಯಮಿತ ಕಂಪನಿಯಾಗಿ ನೋಂದಾಯಿಸಿಕೊಂಡ ಉದ್ದಿಮೆಗಳ ಹೊಣೆ ಇನ್ನೂ ಹೆಚ್ಚಿನದು. ಕಂಪನಿಗಳ ಕಾಯ್ದೆಯಂತೆ ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷಗಳ ಕಾಲ ಉಳಿಸಬೇಕು. 2022ರ ತಿದ್ದುಪಡಿಯ ನಂತರ ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದಲ್ಲಿರುವ ಸರ್ವರ್‌ನಲ್ಲಿ ದಿನವೂ ಆಗಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಯಾವ ನಮೂದು ಯಾವಾಗ ಬದಲಾಯಿತೆಂಬ ಜಾಡು ದಾಖಲಾಗುವ ಸೌಲಭ್ಯ ಕಡ್ಡಾಯ. ಹಳೆಯ ಆವೃತ್ತಿಯ ಲೆಕ್ಕದ ತಂತ್ರಾಂಶವನ್ನೇ ಬಳಸುತ್ತಿರುವ ಕಂಪನಿಗಳು ಈ ಸೌಲಭ್ಯ ತಮ್ಮ ಆವೃತ್ತಿಯಲ್ಲಿದೆಯೇ ಎಂಬುದನ್ನು ಲೆಕ್ಕಪರಿಶೋಧಕರೊಡನೆ ಖಚಿತಪಡಿಸಿಕೊಳ್ಳತಕ್ಕದ್ದು.

ಖರೀದಿ: ಹಳೆಯದನ್ನು ಇಟ್ಟುಕೊಳ್ಳಬೇಕೆ?

2021ರ ಅಕ್ಟೋಬರ್ 5ರಂದು ಬಿಡುಗಡೆಯಾದ ವಿಂಡೋಸ್ 11 ಎಲ್ಲ ಹಳೆಯ ಯಂತ್ರಗಳಲ್ಲಿ ನಡೆಯುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಸೆಕ್ಯೂರ್ ಬೂಟ್ ಸೌಲಭ್ಯವೂ ಬೇಕು. ಪ್ರೊಸೆಸರ್ ಸ್ಥೂಲವಾಗಿ ಇಂಟೆಲ್‌ನ 8ನೇ ಪೀಳಿಗೆ ಅಥವಾ ಎಎಂಡಿ ರೈಜೆನ್ 2000 ಸರಣಿ ಇಲ್ಲವೇ ಅದಕ್ಕಿಂತ ಹೊಸದಾಗಿರಬೇಕು. ಮೈಕ್ರೋಸಾಫ್ಟ್ ಉಚಿತವಾಗಿ ನೀಡುವ ‘ಪಿಸಿ ಹೆಲ್ತ್ ಚೆಕ್’ ಎಂಬ ಸಣ್ಣ ತಂತ್ರಾಂಶದಿಂದ ಇದನ್ನು ಕೆಲವೇ ನಿಮಿಷಗಳಲ್ಲಿ ತಿಳಿಯಬಹುದು. ಯಂತ್ರ ಅರ್ಹವಾಗಿದ್ದರೆ ಹೊಸದನ್ನು ಕೊಳ್ಳುವ ಅಗತ್ಯವಿಲ್ಲ. ಬ್ಯಾಕಪ್ ತೆಗೆದು ವಿಂಡೋಸ್ 11ಕ್ಕೆ ಏರಿಸಿದರೆ ಸಾಕು. ಕೆಲವು ಯಂತ್ರಗಳಲ್ಲಿ ಟಿಪಿಎಂ ಇದ್ದೂ ಬಯೋಸ್‌ನಲ್ಲಿ ನಿಷ್ಕ್ರಿಯವಾಗಿರುತ್ತದೆ. ಅದನ್ನು ಚಾಲನೆಗೊಳಿಸಿ ಮತ್ತೊಮ್ಮೆ ಪರೀಕ್ಷಿಸದೆ ಯಂತ್ರವನ್ನು ಗುಜರಿಗೆ ಹಾಕಬಾರದು.

ಅರ್ಹವಲ್ಲದ ಯಂತ್ರದಲ್ಲಿ ಅಡ್ಡದಾರಿಯಿಂದ ವಿಂಡೋಸ್ 11 ಹಾಕಿಕೊಡುವವರು ಮಾರುಕಟ್ಟೆಯಲ್ಲಿದ್ದಾರೆ. ಅಂತಹ ಯಂತ್ರಗಳಿಗೆ ನವೀಕರಣ ಬರುವುದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ನೀಡಿಲ್ಲ. ಯಾವ ಉದ್ದೇಶಕ್ಕಾಗಿ ಬದಲಾವಣೆ ಮಾಡಲಾಯಿತೋ ಆ ಉದ್ದೇಶವೇ ಅಲ್ಲಿ ಕೆಡುತ್ತದೆ. ವಿಂಡೋಸ್ 10ನ್ನೇ ಬಳಸುವವರಿಗಾಗಿ ವಿಸ್ತರಿತ ಭದ್ರತಾ ನವೀಕರಣದ ಯೋಜನೆ ಪ್ರಕಟವಾಯಿತು. ಗೃಹಬಳಕೆದಾರರಿಗೆ ಅದರ ಅವಧಿಯನ್ನು 2026ರ ಅಕ್ಟೋಬರ್ 13ರವರೆಗೆ ಎಂದು ಘೋಷಿಸಲಾಯಿತು. ಸಂಸ್ಥೆಗಳಿಗೆ ಗರಿಷ್ಠ ಮೂರು ವರ್ಷ. ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರ್, ಅನಂತರ ವರ್ಷವರ್ಷಕ್ಕೂ ಇಮ್ಮಡಿ. ಇದು ತಾತ್ಕಾಲಿಕ ಏರ್ಪಾಡೇ ಹೊರತು ಪರಿಹಾರವಲ್ಲ. ಅರ್ಹವಲ್ಲದ ಹಳೆಯ ಯಂತ್ರವನ್ನು ಲೆಕ್ಕದ ಕೆಲಸದಿಂದ ಬಿಡಿಸಿ, ಲಿನಕ್ಸ್ ಹಾಕಿ ಮಕ್ಕಳ ಓದಿಗೋ ಪತ್ರ ಬರೆಯಲೋ ಬಳಸುವುದು ಮಿತವ್ಯಯದ ದಾರಿ.

ಖರೀದಿ: ಹೊಸದನ್ನು ಕೊಳ್ಳುವಾಗ

ಲೆಕ್ಕಪತ್ರ, ವಿವರಪಟ್ಟಿ, ಪತ್ರವ್ಯವಹಾರ, ಬ್ಯಾಂಕಿಂಗ್ ಇಷ್ಟಕ್ಕೆ ಅತಿ ದುಬಾರಿ ಯಂತ್ರ ಬೇಕಿಲ್ಲ. ವಿಂಡೋಸ್ 11ಕ್ಕೆ ಅಧಿಕೃತವಾಗಿ 4 ಜಿಬಿ ರ‍್ಯಾಮ್ ಸಾಕೆಂದು ಹೇಳಲಾಗಿದ್ದರೂ ದಿನನಿತ್ಯದ ಕೆಲಸಕ್ಕೆ ಅದು ಸಾಲದು. 8 ಜಿಬಿ ಕನಿಷ್ಠ; 16 ಜಿಬಿ ಇದ್ದರೆ ಯಂತ್ರ ಹೆಚ್ಚು ವರ್ಷ ಉಪಯೋಗಕ್ಕೆ ಬರುತ್ತದೆ. ಡಿಸ್ಕ್ ಎಸ್‌ಎಸ್‌ಡಿ ಆಗಿರಲಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಅದನ್ನು ಮುಂದೆ ಹೆಚ್ಚಿಸಲಾಗದು, ಕೆಟ್ಟರೆ ಬದಲಿಸಲಾಗದು. ಖಾಲಿ ಸ್ಲಾಟ್ ಇದೆಯೇ ಎಂದು ಕೊಳ್ಳುವ ಮುನ್ನವೇ ಕೇಳಬೇಕು. ಜಾಗ ಬದಲಿಸುವ ಅಗತ್ಯವಿಲ್ಲದವರಿಗೆ ಡೆಸ್ಕ್‌ಟಾಪ್ ಈಗಲೂ ಲಾಭದಾಯಕ, ಏಕೆಂದರೆ ಅದರ ಬಿಡಿಭಾಗಗಳನ್ನು ಊರಿನಲ್ಲೇ ಬದಲಿಸಬಹುದು.

ಬಿಲ್ಲಿಲ್ಲದೆ ಕೊಂಡ ಯಂತ್ರ ಅಗ್ಗವೆಂದು ಕಾಣುತ್ತದೆ. ಆದರೆ ವ್ಯಾಪಾರದ ಬಳಕೆಗೆ ಕೊಂಡ ಯಂತ್ರದ ಮೇಲಿನ ಶೇ. 18ರ ಜಿಎಸ್‌ಟಿಯನ್ನು ನೋಂದಾಯಿತ ವರ್ತಕನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಲು ಅವಕಾಶವಿದೆ. ರಾಜಿ ತೆರಿಗೆಯಲ್ಲಿರುವವರಿಗೆ ಇದು ಅನ್ವಯಿಸದು. ಮನೆಬಳಕೆಯೂ ಬೆರೆತಿದ್ದರೆ ಎಷ್ಟು ಭಾಗ ಜಮೆ ಪಡೆಯಬಹುದೆಂಬುದನ್ನು ಲೆಕ್ಕಪರಿಶೋಧಕರಲ್ಲಿ ಕೇಳತಕ್ಕದ್ದು. ತೆರಿಗೆಯ ಮೊತ್ತದ ಮೇಲೂ ಸವಕಳಿ ತೋರಿಸಿದರೆ ಆ ಜಮೆ ಸಿಗುವುದಿಲ್ಲ. ಬಿಲ್ಲಿನಲ್ಲಿ ಈ ಕೆಳಗಿನ ಅಂಶಗಳಿರಲಿ:

1. ಕೊಂಡವರ ಜಿಎಸ್‌ಟಿ ಸಂಖ್ಯೆ ಮತ್ತು ವ್ಯಾಪಾರದ ಹೆಸರು.
2. ಯಂತ್ರದ ಮಾದರಿ ಮತ್ತು ಕ್ರಮಸಂಖ್ಯೆ.
3. ವಿಂಡೋಸ್ ಮತ್ತು ಇತರ ತಂತ್ರಾಂಶಗಳ ಪರವಾನಗಿಯ ಉಲ್ಲೇಖ.
4. ಖಾತರಿಯ ಅವಧಿ, ಮತ್ತು ದುರಸ್ತಿ ಸ್ಥಳದಲ್ಲೇ ಆಗುವುದೋ ಸೇವಾಕೇಂದ್ರಕ್ಕೆ ಒಯ್ಯಬೇಕೋ ಎಂಬ ವಿವರ.

ಖಾತರಿಯ ವಿಷಯದಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಡಿಸ್ಕ್ ಕೆಟ್ಟರೆ ಹೊಸ ಡಿಸ್ಕ್ ಸಿಗುತ್ತದೆ. ಅದರೊಳಗಿದ್ದ ಲೆಕ್ಕ ಸಿಗುವುದಿಲ್ಲ. ಖಾತರಿ ಯಂತ್ರಕ್ಕೆ ಮಾತ್ರ. ಲ್ಯಾಪ್‌ಟಾಪ್, ಅಡಾಪ್ಟರ್ ಮುಂತಾದ ವಸ್ತುಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಗೆ ಒಳಪಟ್ಟಿವೆ. ಬದಲಿ ಅಡಾಪ್ಟರ್ ಕೊಳ್ಳುವಾಗ ಆ ಗುರುತು ಮತ್ತು ನೋಂದಣಿ ಸಂಖ್ಯೆಯನ್ನು ನೋಡಿ ಕೊಳ್ಳಬೇಕು.

ನಕಲಿ ತಂತ್ರಾಂಶ ‘ಉಚಿತವಾಗಿ ಹಾಕಿಕೊಡುತ್ತೇವೆ’ ಎಂಬ ಮಾತಿಗೆ ಒಪ್ಪಬಾರದು. ನಕಲಿ ಪ್ರತಿಯನ್ನು ತಿಳಿದೂ ಬಳಸುವುದು ಕೃತಿಸ್ವಾಮ್ಯ ಕಾಯ್ದೆಯ 63ಬಿ ಪ್ರಕರಣದಂತೆ ಅಪರಾಧ. ಅದಕ್ಕೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಅದಕ್ಕಿಂತ ಹತ್ತಿರದ ಅಪಾಯ ಬೇರೆ ಇದೆ. ನಕಲಿ ಪ್ರತಿ ಹಾಕುವಾಗ ಸಾಮಾನ್ಯವಾಗಿ ವೈರಾಣು ನಿರೋಧಕವನ್ನು ಸ್ಥಗಿತಗೊಳಿಸುತ್ತಾರೆ ಮತ್ತು ನವೀಕರಣವನ್ನು ತಡೆಯುತ್ತಾರೆ. ಬಾಗಿಲಿನ ಬೀಗ ತೆಗೆದು ತಿಜೋರಿಯನ್ನು ಒಳಗಿಟ್ಟಂತೆ ಇದು.

ವಿದ್ಯುತ್ತಿನ ಏರಿಳಿತವು ನಮೂದಿನ ನಡುವೆ ಯಂತ್ರವನ್ನು ನಿಲ್ಲಿಸಿದರೆ ಲೆಕ್ಕದ ಕಡತ ಕೆಡುವುದುಂಟು. ಡೆಸ್ಕ್‌ಟಾಪ್‌ಗೆ ಯುಪಿಎಸ್ ಅಗತ್ಯ. ಕೆಲಸವನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸುವಷ್ಟು ಕೆಲವು ನಿಮಿಷಗಳ ವಿದ್ಯುತ್ ಅದರಿಂದ ದೊರೆತರೆ ಸಾಕು. ಮನೆಯ ಇನ್ವರ್ಟರ್ ಇದ್ದವರು ಅದರಲ್ಲಿ ‘ಯುಪಿಎಸ್ ಮೋಡ್’ ಇದೆಯೇ ಎಂದು ನೋಡಬೇಕು. ಸಾಧಾರಣ ಮೋಡ್‌ನಲ್ಲಿ ವಿದ್ಯುತ್ ಬದಲಾಗುವ ಕ್ಷಣದ ಅಂತರದಲ್ಲಿ ಡೆಸ್ಕ್‌ಟಾಪ್ ಸ್ಥಗಿತಗೊಂಡು ಮತ್ತೆ ಆರಂಭವಾಗಬಹುದು. ಲೇಸರ್ ಪ್ರಿಂಟರನ್ನು ಸಣ್ಣ ಯುಪಿಎಸ್‌ಗೆ ಜೋಡಿಸಬಾರದು.

ನವೀಕರಣ: ಮಾಡದಿದ್ದರೆ ಒಂದು ಕಷ್ಟ, ಮಾಡಿದರೆ ಇನ್ನೊಂದು

ನವೀಕರಣವನ್ನು ಮುಂದೂಡುವುದರ ಬೆಲೆ ಎಷ್ಟೆಂಬುದಕ್ಕೆ 2017ರ ಘಟನೆ ಸಾಕ್ಷಿ. ವಿಂಡೋಸ್‌ನ ಒಂದು ಲೋಪಕ್ಕೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್ 14ರಂದು ತೇಪೆಯನ್ನು ಬಿಡುಗಡೆ ಮಾಡಿತು. ಮೇ 12ರಂದು ಅದೇ ಲೋಪವನ್ನು ಬಳಸಿಕೊಂಡು ‘ವನ್ನಾಕ್ರೈ’ ಎಂಬ ಸುಲಿಗೆ ತಂತ್ರಾಂಶ ಹರಡಿತು. ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡಿಸಲು 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳುವುದು ಅದರ ರೀತಿ. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಯಂತ್ರಗಳು ತುತ್ತಾದವು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳೂ ಅವುಗಳಲ್ಲಿ ಸೇರಿದ್ದವು. ತೇಪೆಗೂ ದಾಳಿಗೂ ನಡುವೆ 59 ದಿನಗಳ ಅವಕಾಶವಿತ್ತು. ಆ ಅವಧಿಯಲ್ಲಿ ತೇಪೆ ಹಾಕಿಕೊಂಡ ಯಂತ್ರಗಳಿಗೆ ಈ ಲೋಪದ ಮೂಲಕ ದಾಳಿ ತಗಲಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಪಾಠ 2024ರ ಜುಲೈ 19ರದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳುಹಿಸಿದ ದೋಷಯುಕ್ತ ನವೀಕರಣದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತುಹೋದವು. ಭಾರತದ ವಿಮಾನನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಸಂಸ್ಥೆ ಎರಡು ತಾಸಿನೊಳಗೆ ತಪ್ಪನ್ನು ಹಿಂತೆಗೆದುಕೊಂಡರೂ, ಆಗಲೇ ನಿಂತ ಯಂತ್ರಗಳಲ್ಲಿ ಅನೇಕವನ್ನು ಒಂದೊಂದಾಗಿ ಕೈಯಿಂದಲೇ ಸರಿಪಡಿಸಬೇಕಾಯಿತು. ಗೂಢಲಿಪೀಕರಣವಿದ್ದ ಯಂತ್ರಗಳಲ್ಲಿ ಮರುಸ್ಥಾಪನೆಯ ಕೀಲಿಸಂಖ್ಯೆ ಹುಡುಕುವುದೇ ದೊಡ್ಡ ಕೆಲಸವಾಯಿತು.

ಈ ಎರಡು ಘಟನೆಗಳನ್ನು ಒಟ್ಟಿಗೆ ನೋಡಿದಾಗ ಹೊರಡುವ ತೀರ್ಮಾನ ಸರಳವಾದುದು. ಭದ್ರತಾ ನವೀಕರಣವನ್ನು ತಿಂಗಳುಗಟ್ಟಲೆ ತಡೆಯಬಾರದು. ಹಾಗೆಯೇ ಬ್ಯಾಕಪ್ ಇಲ್ಲದೆ, ವಿವರಪಟ್ಟಿಯ ಗಡುವಿನ ಹಿಂದಿನ ರಾತ್ರಿ ಅದನ್ನು ಮಾಡಿಕೊಳ್ಳಲೂಬಾರದು.

ವರ್ತಕರಿಗೆ ಇಲ್ಲೊಂದು ಅನುಕೂಲವಿದೆ. ಮೈಕ್ರೋಸಾಫ್ಟ್‌ನ ಮಾಸಿಕ ಭದ್ರತಾ ನವೀಕರಣ ಪ್ರತಿ ತಿಂಗಳ ಎರಡನೆಯ ಮಂಗಳವಾರ ಹೊರಡುತ್ತದೆ. ಭಾರತದಲ್ಲಿ ಅದು ತಲುಪುವಾಗ ಮಂಗಳವಾರ ತಡರಾತ್ರಿ ಅಥವಾ ಬುಧವಾರವಾಗುತ್ತದೆ. ಎರಡನೆಯ ಮಂಗಳವಾರ ಯಾವಾಗಲೂ 8 ಮತ್ತು 14ರ ನಡುವೆಯೇ ಬೀಳುತ್ತದೆ. ಮಾಸಿಕ ವಿವರಪಟ್ಟಿ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ರ ಸಾಮಾನ್ಯ ಗಡುವು 11, ಜಿಎಸ್‌ಟಿಆರ್-3ಬಿಯ ಗಡುವು 20. ಆದುದರಿಂದ 11ರ ವಿವರಪಟ್ಟಿ ಸಲ್ಲಿಸಿದ ಬಳಿಕ, 17ರೊಳಗೆ, ವ್ಯಾಪಾರ ಮುಗಿದ ಒಂದು ಸಂಜೆ ಮೊದಲು ಬ್ಯಾಕಪ್ ತೆಗೆದು ಆಮೇಲೆ ನವೀಕರಣ ಮಾಡಿಕೊಂಡರೆ, ಏನಾದರೂ ಕೆಟ್ಟರೂ ಸರಿಪಡಿಸಲು 20ರ ಮೊದಲು ಕೆಲವು ದಿನಗಳು ಉಳಿಯುತ್ತವೆ. ವಿಂಡೋಸ್ ಅಪ್‌ಡೇಟ್‌ನಲ್ಲಿರುವ ‘ಪಾಸ್’ ಗುಂಡಿಯನ್ನು ಈ ಹೊಂದಾಣಿಕೆಗಷ್ಟೇ ಬಳಸಬೇಕು. ನವೀಕರಣದ ನಂತರ ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್ ಮತ್ತು ಲೆಕ್ಕದ ತಂತ್ರಾಂಶ ಈ ಮೂರೂ ಕೆಲಸ ಮಾಡುತ್ತಿವೆಯೇ ಎಂದು ಅಂದೇ ಪರೀಕ್ಷಿಸಬೇಕು.

ನವೀಕರಣವೆಂದರೆ ವಿಂಡೋಸ್ ಮಾತ್ರವಲ್ಲ. ಬ್ರೌಸರ್, ಲೆಕ್ಕದ ತಂತ್ರಾಂಶ, ವೈರಾಣು ನಿರೋಧಕ, ಮನೆಯ ವೈ-ಫೈ ರೌಟರ್ ಇವೆಲ್ಲಕ್ಕೂ ನವೀಕರಣ ಬೇಕು. ಲೆಕ್ಕದ ತಂತ್ರಾಂಶದ ಹೊಸ ಆವೃತ್ತಿ ಕೆಲವೊಮ್ಮೆ ಹಳೆಯ ಕಡತವನ್ನು ಹೊಸ ವಿನ್ಯಾಸಕ್ಕೆ ಪರಿವರ್ತಿಸುತ್ತದೆ. ಪರಿವರ್ತನೆಯಾದದ್ದು ಹಳೆಯ ಆವೃತ್ತಿಯಲ್ಲಿ ತೆರೆಯದೆ ಹೋಗಬಹುದು. ಆದ್ದರಿಂದ ಪರಿವರ್ತನೆಗೆ ಮುಂಚಿನ ಒಂದು ಪ್ರತಿಯನ್ನು ಪ್ರತ್ಯೇಕವಾಗಿಡತಕ್ಕದ್ದು.

ಮನೆಮಂದಿಯೆಲ್ಲ ಬಳಸುವ ಯಂತ್ರದಲ್ಲಿ ಲೆಕ್ಕದ ಕೆಲಸಕ್ಕೆ ಪ್ರತ್ಯೇಕ ಖಾತೆಯಿರಲಿ. ಉಳಿದವರಿಗೆ ‘ಸ್ಟಾಂಡರ್ಡ್ ಯೂಸರ್’ ಖಾತೆ ಕೊಡಬೇಕು. ಆಗ ಆಟದ ತಂತ್ರಾಂಶವೆಂದು ಮಗುವೊಂದು ಇಳಿಸಿಕೊಂಡದ್ದು ಇಡೀ ಯಂತ್ರದ ಮೇಲೆ ಅಧಿಕಾರ ಪಡೆಯುವ ಸಾಧ್ಯತೆ ಕಡಿಮೆಯಾಗುತ್ತದೆ.

ಬ್ಯಾಕಪ್: ಮೂರು ಪ್ರತಿ, ಎರಡು ಬಗೆ, ಒಂದು ಹೊರಗೆ

ಬ್ಯಾಕಪ್‌ಗೆ ಎಲ್ಲೆಡೆ ಒಪ್ಪಿತವಾದ ಸೂತ್ರ 3-2-1. ಲೆಕ್ಕದ ಒಟ್ಟು ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿರಬೇಕು. ಸಣ್ಣ ವ್ಯಾಪಾರದಲ್ಲಿ ಇದನ್ನು ಹೀಗೆ ಜಾರಿಗೆ ತರಬಹುದು. ಯಂತ್ರದಲ್ಲಿರುವುದು ಮೊದಲ ಪ್ರತಿ. ಎರಡು ಬಾಹ್ಯ ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ‘ಅ’ ಮತ್ತು ‘ಆ’ ಎಂದು ಚೀಟಿ ಅಂಟಿಸಿ, ಒಂದು ವಾರ ‘ಅ’, ಮರುವಾರ ‘ಆ’ ಎಂಬಂತೆ ಸರದಿಯಲ್ಲಿ ದಿನವೂ ಬ್ಯಾಕಪ್ ತೆಗೆಯುವುದು. ಬಳಕೆಯಲ್ಲಿಲ್ಲದ ಡಿಸ್ಕ್ ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ಬೀಗದೊಳಗೆ ಇರಲಿ. ಮನೆಗೆ ಬೆಂಕಿ ಬಿದ್ದರೂ ಕಳವಾದರೂ ಹೆಚ್ಚೆಂದರೆ ಒಂದು ವಾರದ ಹಿಂದಿನ ಲೆಕ್ಕ ಹೊರಗೆ ಉಳಿದಿರುತ್ತದೆ. ದಿನದ ಕಡತವನ್ನು ಅಂತರಜಾಲದ ಸಂಗ್ರಹಕ್ಕೂ ಏರಿಸಿದರೆ ಆ ಅಂತರವೂ ಕಡಿಮೆಯಾಗುತ್ತದೆ.

ಬ್ಯಾಕಪ್ ಮುಗಿದ ಕೂಡಲೇ ಬಾಹ್ಯ ಡಿಸ್ಕನ್ನು ಯಂತ್ರದಿಂದ ಕಳಚಬೇಕು. ಸುಲಿಗೆ ತಂತ್ರಾಂಶವು ಜೋಡಿಸಿರುವ ಡಿಸ್ಕ್‌ಗಳ ಕಡತಗಳನ್ನೂ ಕೆಡಿಸುತ್ತದೆ. ಸದಾ ಜೋಡಿಸಿಟ್ಟ ಬ್ಯಾಕಪ್ ಆ ಸಂದರ್ಭದಲ್ಲಿ ಬ್ಯಾಕಪ್ ಎನಿಸಿಕೊಳ್ಳುವುದಿಲ್ಲ.

ಗೂಗಲ್ ಡ್ರೈವ್, ಒನ್‌ಡ್ರೈವ್ ಮುಂತಾದ ಸಂಗ್ರಹಗಳು ಉಪಯುಕ್ತ. ಆದರೆ ಯಂತ್ರದ ಕಡತಕ್ಕೂ ಅಲ್ಲಿನ ಕಡತಕ್ಕೂ ಸದಾ ಹೊಂದಾಣಿಕೆ ಮಾಡುವುದು ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲಿಯೂ ಕೆಡುತ್ತದೆ. ಅಳಿಸಿದ ಕಡತ ಅವುಗಳ ಕಸದಬುಟ್ಟಿಯಲ್ಲಿ ಸೀಮಿತ ಅವಧಿಯವರೆಗೆ ಮಾತ್ರ ಇರುತ್ತದೆ. ದಿನಾಂಕ ಹಾಕಿದ ಪ್ರತ್ಯೇಕ ಬ್ಯಾಕಪ್ ಕಡತವನ್ನು ಅಲ್ಲಿಗೆ ಏರಿಸುವುದೇ ಸರಿಯಾದ ಕ್ರಮ. ಪೆನ್ ಡ್ರೈವ್ ಕಡತ ಸಾಗಿಸಲು ಸರಿ. ವರ್ಷಗಟ್ಟಲೆ ಕಪಾಟಿನಲ್ಲಿಟ್ಟು ನಂಬಲು ತಕ್ಕದ್ದಲ್ಲ.

ಲೆಕ್ಕದ ತಂತ್ರಾಂಶದ ಕಡತಗಳನ್ನು ಅದರಲ್ಲೇ ಇರುವ ‘ಬ್ಯಾಕಪ್’ ಆಯ್ಕೆಯಿಂದ ತೆಗೆಯಬೇಕು. ತಂತ್ರಾಂಶ ತೆರೆದಿರುವಾಗ ಕಡತಕೋಶವನ್ನು ನಕಲು ಮಾಡಿದರೆ ಅರ್ಧಂಬರ್ಧ ಪ್ರತಿ ಬರುವ ಸಂಭವವುಂಟು. ಬೆಂಗಳೂರಿನಲ್ಲೇ ಕೇಂದ್ರ ಕಚೇರಿಯಿರುವ ಟ್ಯಾಲಿ ಸಂಸ್ಥೆಯ ತಂತ್ರಾಂಶ ರಾಜ್ಯದ ವರ್ತಕರಿಗೆ ಚಿರಪರಿಚಿತ. ಅದರಲ್ಲಿ ‘ಟ್ಯಾಲಿವಾಲ್ಟ್’ ಗುಪ್ತಪದ ಹಾಕಿದವರು ಅದನ್ನು ಮರೆತರೆ ಲೆಕ್ಕವನ್ನು ತೆರೆಯಲಾಗದು. ಆ ಗುಪ್ತಪದ ಮುಚ್ಚಿದ ಲಕೋಟೆಯಲ್ಲಿ ತಿಜೋರಿಯಲ್ಲಿರಲಿ. ಹಳೆಯ ನುಡಿ ಅಥವಾ ಬರಹ ಲಿಪಿಯಲ್ಲಿ, ಯೂನಿಕೋಡ್ ಅಲ್ಲದ ರೂಪದಲ್ಲಿ ಬರೆದ ಪತ್ರ ಮತ್ತು ಕರಾರುಗಳಿದ್ದವರು ಆ ಅಕ್ಷರಶೈಲಿಯ ಕಡತಗಳನ್ನೂ ಜತೆಗೆ ಉಳಿಸಬೇಕು ಅಥವಾ ಪಿಡಿಎಫ್ ಮಾಡಿಡಬೇಕು. ಇಲ್ಲದಿದ್ದರೆ ಹೊಸ ಯಂತ್ರದಲ್ಲಿ ಕಡತ ತೆರೆದರೂ ಕನ್ನಡ ಕಾಣಿಸದು.

ವರ್ಷಾಂತ್ಯದ ಲೆಕ್ಕ ಮುಗಿದ ಮೇಲೆ ಆ ವರ್ಷದ ಪೂರ್ಣ ಪ್ರತಿ, ವಿವರಪಟ್ಟಿಗಳು, ಬ್ಯಾಂಕ್ ವಿವರಣೆಗಳು ಇವನ್ನು ಪಿಡಿಎಫ್ ರೂಪದಲ್ಲಿಯೂ ಸೇರಿಸಿ ಪ್ರತ್ಯೇಕವಾಗಿಡಬೇಕು. ತಂತ್ರಾಂಶ ಬದಲಾದರೂ ಪಿಡಿಎಫ್ ಓದಲು ಸಿಗುತ್ತದೆ.

ಮರುಸ್ಥಾಪನೆ: ಕೆಟ್ಟಾಗ ಮಾಡಬೇಕಾದುದು

ಮೊದಲನೆಯದು, ಕಡತ ತಪ್ಪಿ ಅಳಿಸಿದ ಸಂದರ್ಭ. ರೀಸೈಕಲ್ ಬಿನ್‌ನಲ್ಲಿ ಇಲ್ಲದಿದ್ದರೆ ಯಂತ್ರದ ಬಳಕೆಯನ್ನು ತಕ್ಷಣ ನಿಲ್ಲಿಸಬೇಕು. ಕಡತ ಹುಡುಕುವ ತಂತ್ರಾಂಶವನ್ನು ಅದೇ ಡಿಸ್ಕ್‌ಗೆ ಇಳಿಸಿದರೆ ಹುಡುಕುತ್ತಿರುವ ಕಡತದ ಮೇಲೆಯೇ ಅದು ಬರೆದುಕೊಳ್ಳಬಹುದು. ಹಳೆಯ ಹಾರ್ಡ್ ಡಿಸ್ಕ್‌ಗಳಲ್ಲಿ ಅಳಿಸಿದ್ದು ಎಷ್ಟೋ ಸಲ ಮರಳಿ ಸಿಗುತ್ತಿತ್ತು. ಎಸ್‌ಎಸ್‌ಡಿಗಳಲ್ಲಿ ‘ಟ್ರಿಮ್’ ಎಂಬ ಕ್ರಿಯೆ ಅಳಿಸಿದ ಜಾಗವನ್ನು ಬೇಗನೆ ಖಾಲಿ ಮಾಡುವುದರಿಂದ ಮರಳಿ ಸಿಗುವ ಸಂಭವ ಬಹಳ ಕಡಿಮೆ. ವೇಗಕ್ಕಾಗಿ ಎಸ್‌ಎಸ್‌ಡಿ ಕೊಂಡವರು ಬ್ಯಾಕಪ್ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟಾಗಿರಬೇಕು.

ಎರಡನೆಯದು, ಡಿಸ್ಕ್ ಕೆಡುವುದು. ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬಂದರೆ ಕೂಡಲೇ ವಿದ್ಯುತ್ ನಿಲ್ಲಿಸಬೇಕು. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಒಳಗಿನ ಹಾನಿ ಹೆಚ್ಚುತ್ತದೆ. ಬ್ಯಾಕಪ್ ಇದ್ದವರು ಡಿಸ್ಕನ್ನು ಬದಲಿಸಿ ಮುಂದುವರಿಯಬಹುದು. ಇಲ್ಲದವರು ಡೇಟಾ ರಿಕವರಿ ಕೇಂದ್ರಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಖರ್ಚು ಹೆಚ್ಚು, ಫಲ ಅನಿಶ್ಚಿತ. ಶುಲ್ಕದ ಅಂದಾಜನ್ನು ಮತ್ತು ಲೆಕ್ಕದ ಗೋಪ್ಯತೆಯ ಭರವಸೆಯನ್ನು ಬರೆಹದಲ್ಲಿ ಪಡೆದ ಮೇಲೆಯೇ ಡಿಸ್ಕ್ ಒಪ್ಪಿಸತಕ್ಕದ್ದು.

ಮೂರನೆಯದು ಹೊಸದಾಗಿ ಕಾಣಿಸಿಕೊಂಡ ತೊಡಕು. 2024ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಹೊಸ ಯಂತ್ರದಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದಾಗ ಡಿಸ್ಕ್‌ನ ಗೂಢಲಿಪೀಕರಣ ಸಾಮಾನ್ಯವಾಗಿ ತಾನಾಗಿಯೇ ಚಾಲನೆಗೊಳ್ಳುತ್ತದೆ. ಯಂತ್ರ ಕಳವಾದರೆ ಇದು ರಕ್ಷಣೆ. ಆದರೆ ಮದರ್‌ಬೋರ್ಡ್ ಬದಲಿಸಿದಾಗ ಅಥವಾ ಬಯೋಸ್ ನವೀಕರಿಸಿದಾಗ ಯಂತ್ರವು 48 ಅಂಕಿಗಳ ಮರುಸ್ಥಾಪನಾ ಕೀಲಿಯನ್ನು ಕೇಳಬಹುದು. ಕೀಲಿ ಇಲ್ಲದಿದ್ದರೆ ಸುಸ್ಥಿತಿಯಲ್ಲಿರುವ ಡಿಸ್ಕ್‌ನೊಳಗಿನ ಲೆಕ್ಕವೂ ಸಿಗುವುದಿಲ್ಲ. ಆ ಕೀಲಿ ಸಾಮಾನ್ಯವಾಗಿ ಯಂತ್ರವನ್ನು ಮೊದಲು ಸಿದ್ಧಪಡಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಅಂಗಡಿಯ ಹುಡುಗ ತನ್ನದೇ ಖಾತೆ ಹಾಕಿಕೊಟ್ಟಿದ್ದರೆ ಕೀಲಿಯೂ ಅವನ ಖಾತೆಯಲ್ಲೇ ಉಳಿಯುತ್ತದೆ. ಯಂತ್ರ ಕೊಂಡ ದಿನವೇ ವರ್ತಕನು ತನ್ನ ಖಾತೆಯಿಂದ ಪ್ರವೇಶಿಸಿ, ಕೀಲಿಯನ್ನು ಮುದ್ರಿಸಿ, ಬಿಲ್ಲಿನ ಜತೆ ಕಡತದಲ್ಲಿಡುವುದು ಅತ್ಯಗತ್ಯ.

ನಾಲ್ಕನೆಯದು ಸುಲಿಗೆ ತಂತ್ರಾಂಶದ ದಾಳಿ. ಯಂತ್ರವನ್ನು ಕೂಡಲೇ ಅಂತರಜಾಲದಿಂದ ಮತ್ತು ಇತರ ಯಂತ್ರಗಳಿಂದ ಬೇರ್ಪಡಿಸಬೇಕು. ಬ್ಯಾಕಪ್ ಡಿಸ್ಕನ್ನು ಗಾಬರಿಯಲ್ಲಿ ಅದಕ್ಕೆ ಜೋಡಿಸಬಾರದು. ಪರದೆಯ ಮೇಲಿನ ಸಂದೇಶದ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಹಣ ಕೊಟ್ಟರೆ ಕಡತ ಮರಳಿ ಬರುತ್ತದೆಂಬ ಖಾತರಿ ಇಲ್ಲ. ಯೂರೋಪೋಲ್ ಮತ್ತು ನೆದರ್ಲೆಂಡ್ಸ್ ಪೊಲೀಸರು ಭದ್ರತಾ ಸಂಸ್ಥೆಗಳೊಡನೆ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ಯೋಜನೆಯಲ್ಲಿ ಕೆಲವು ಬಗೆಯ ದಾಳಿಗಳಿಗೆ ಬಿಡಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಬ್ಯಾಂಕ್ ಖಾತೆಯಿಂದ ಹಣ ಹೋಗಿದ್ದರೆ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಬೇಕು. 2022ರ ಏಪ್ರಿಲ್ 28ರ ನಿರ್ದೇಶನದಂತೆ ಕಂಪನಿಗಳೂ ಸೇರಿ ಸಂಸ್ಥೆಗಳು ಇಂತಹ ಘಟನೆಗಳನ್ನು ಗಮನಕ್ಕೆ ಬಂದ 6 ತಾಸಿನೊಳಗೆ ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ ಸರ್ಟ್-ಇನ್‌ಗೆ ವರದಿ ಮಾಡಬೇಕಾಗಿದೆ.

ತಿಂಗಳ ದಿನಚರಿ

ಮೇಲಿನ ವಿಷಯಗಳನ್ನು ಅಭ್ಯಾಸಕ್ಕೆ ತರಲು ಅನುಕೂಲವಾಗುವಂತೆ ಒಂದು ದಿನಚರಿಯನ್ನು ಇಲ್ಲಿ ಕೊಡಲಾಗಿದೆ. ಇದನ್ನು ಯಂತ್ರದ ಬಳಿ ಅಂಟಿಸಿಕೊಳ್ಳಬಹುದು.

ಪ್ರತಿದಿನ: ನಮೂದು ಮುಗಿದ ಮೇಲೆ ಲೆಕ್ಕದ ಬ್ಯಾಕಪ್, ಮುಗಿದೊಡನೆ ಡಿಸ್ಕ್ ಕಳಚುವುದು.
ಪ್ರತಿವಾರ: ‘ಅ’ ಮತ್ತು ‘ಆ’ ಡಿಸ್ಕ್‌ಗಳ ಸ್ಥಳ ಬದಲಾವಣೆ.
11ರ ನಂತರ, 17ರೊಳಗೆ: ಬ್ಯಾಕಪ್, ಆಮೇಲೆ ನವೀಕರಣ, ಆಮೇಲೆ ಪ್ರಿಂಟರ್, ಡಿಜಿಟಲ್ ಸಹಿ, ಲೆಕ್ಕದ ತಂತ್ರಾಂಶಗಳ ಪರೀಕ್ಷೆ.
ಮೂರು ತಿಂಗಳಿಗೊಮ್ಮೆ: ಮರುಸ್ಥಾಪನೆಯ ಪರೀಕ್ಷೆ.
ಮಾರ್ಚ್ ನಂತರ: ವರ್ಷದ ಪೂರ್ಣ ಪ್ರತಿ ಮತ್ತು ಪಿಡಿಎಫ್ ಸಂಗ್ರಹ.
ಹಳೆಯ ಯಂತ್ರ ವಿಲೇವಾರಿಗೆ ಮುನ್ನ: ಡಿಸ್ಕ್ ತೆಗೆದಿಡುವುದು ಅಥವಾ ಸಂಪೂರ್ಣ ಅಳಿಸುವುದು.

ಇವುಗಳಲ್ಲಿ ಹೆಚ್ಚಾಗಿ ಕಡೆಗಣಿಸಲ್ಪಡುವುದು ಮರುಸ್ಥಾಪನೆಯ ಪರೀಕ್ಷೆ. ಬ್ಯಾಕಪ್ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ, ಲೆಕ್ಕವನ್ನು ಅಲ್ಲಿ ರಿಸ್ಟೋರ್ ಮಾಡಿ, ನಿನ್ನೆಯ ಕೊನೆಯ ಬಿಲ್ಲಿನ ಸಂಖ್ಯೆ ಮತ್ತು ನಗದು ಶಿಲ್ಕು ತಾಳೆಯಾಗುತ್ತವೆಯೇ ಎಂದು ನೋಡಿದರೆ ಪರೀಕ್ಷೆ ಮುಗಿಯಿತು. ವರ್ತಕನು ಸಂಜೆ ಗಲ್ಲಾಪೆಟ್ಟಿಗೆಯ ಹಣವನ್ನು ಎಣಿಸದೆ ಲೆಕ್ಕ ಸರಿಯಿದೆಯೆಂದು ಹೇಳುವುದಿಲ್ಲ. ತೆರೆದು ನೋಡದ ಬ್ಯಾಕಪ್‌ಗೂ ಅದೇ ನ್ಯಾಯ ಅನ್ವಯಿಸುತ್ತದೆ.